ಸಿಲಿಕಾ ಮರಳು ಹಿಗ್ಗಿ ವಾಪಸ್ ಬರುವುದಾದರೆ ಎರಕದ ಮೇಲೆ ಗೆರೆ ಯಾಕೆ ಉಳಿಯುತ್ತದೆ?

ಕೋರ್‌ಶಾಪ್ ಹುಡುಗ, ಬೆಳಗಾವಿ:
ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೋರ್, ಅಂದರೆ ಎರಕದೊಳಗೆ ಟೊಳ್ಳು ಬಿಡಿಸಲು ಅಚ್ಚಿನಲ್ಲಿ ಕೂರಿಸುವ ಮರಳಿನ ಗಟ್ಟಿ, ಮಾಡಿಸುವ ಕೆಲಸ ನನ್ನದು. ಎರಕದ ಒಳಮೈಯಲ್ಲಿ, ಕೋರ್ ಕೂತಿದ್ದ ಕಡೆ, ತೆಳ್ಳಗೆ ಗೆರೆ ಎದ್ದಿರುತ್ತದೆ, ವೇನಿಂಗ್ ಅಂತಾರಲ್ಲ ಅದು. ಎರಕವನ್ನು ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್‌ನವರು ದಿನಾ ಬೈಯುತ್ತಾರೆ. ಮರಳಿನಲ್ಲಿರೋ ಕ್ವಾರ್ಟ್ಜ್ (ಸಿಲಿಕಾದ ಹರಳು) 573 ಡಿಗ್ರಿಗೆ ರಚನೆ ಬದಲಿಸಿ ಹಿಗ್ಗುತ್ತದೆ, ಆರಿದ ಮೇಲೆ ಮೊದಲಿನ ಹಾಗೇ ಆಗುತ್ತದೆ ಅನ್ನುತ್ತಾರೆ ಸೂಪರ್‌ವೈಸರ್. ಹಾಗಾದರೆ ಗೆರೆ ಯಾಕೆ ಉಳಿಯಬೇಕು? ಒಮ್ಮೆ ಸುಟ್ಟ ಮರಳಿನಲ್ಲಿ ಈ ಗುಣ ಹೋಗಿಬಿಡುವುದಿಲ್ಲವಾ? ಒತ್ತಡ ಹಾಕಿದರೂ ಹೀಗೇನಾ?

ಫಿಸಿಕ್ಸ್ ಮೇಷ್ಟ್ರು, ವಿಜಯಪುರ:
ಹೇಳಿದ್ದು ಸರಿಯಾಗೇ ಇದೆ ರೀ. ಕ್ವಾರ್ಟ್ಜ್‌ನಲ್ಲಿ ಒಂದೊಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್ ಇರುತ್ತವೆ. 573ರಲ್ಲಿ ಈ ಗುಂಪುಗಳು ಚೂರು ತಿರುಗುತ್ತವೆ, ಅಷ್ಟೇ. ಒಂದು ಬಂಧವೂ ಮುರಿಯುವುದಿಲ್ಲ. ಅದಕ್ಕೇ ಆರುವಾಗ ಸಲೀಸಾಗಿ ಹಿಂದಕ್ಕೆ ತಿರುಗುತ್ತವೆ, ಹೋಗುವಾಗಿನ ಬಿಸಿಗೂ ಬರುವಾಗಿನ ಬಿಸಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ. ಫ್ರೆಂಚ್ ರಸಾಯನ ವಿಜ್ಞಾನಿ ಲ ಶಾಟೆಲಿಯೆ 1889ರಲ್ಲೇ ಇದನ್ನು ಕಂಡುಕೊಂಡಿದ್ದರು. ಹಾಗಾಗಿ ಸುಟ್ಟ ಮರಳಾದರೂ ಪ್ರತಿ ಸಲ ಇದೇ ಆಟ ಆಡುತ್ತದೆ.

ಗೆರೆಯ ಕಥೆ ಬೇರೆ. ಲೋಹ ತಾಗಿದ ಮೇಲ್ಪದರ 573 ದಾಟಿತು ಅಂದರೆ ಮುಂದೆ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. ಅದರ ಹಿಂದಿನ ಪದರ ಮಾತ್ರ ಆಗತಾನೇ 573 ಮುಟ್ಟಿ ಹಿಗ್ಗುತ್ತಿರುತ್ತದೆ. ಈ ಎಳೆದಾಟದಲ್ಲಿ ಕೋರ್ ಬಿರಿಯುತ್ತದೆ, ಬಿರುಕಿಗೆ ಕರಗಿದ ಕಬ್ಬಿಣ ನುಗ್ಗಿ ಗಟ್ಟಿಯಾಗುತ್ತದೆ. ಹರಳು ವಾಪಸ್ ಬಂದರೇನು, ನುಗ್ಗಿದ ಕಬ್ಬಿಣ ಬರುತ್ತದಾ?

ಇಳಕಲ್ ಗ್ರಾನೈಟ್:
ನಾವು ಗ್ರಾನೈಟ್‌ಗೆ ಫ್ಲೇಮ್ ಫಿನಿಶ್ (ಜ್ವಾಲೆ ಹಾಯಿಸಿ ಮೈ ಒರಟು ಮಾಡುವುದು) ಮಾಡುವಾಗ ಮೇಲಿನ ಪದರ ಸಿಡಿಯುತ್ತದೆ, ಅದಕ್ಕೂ ಕ್ವಾರ್ಟ್ಜ್ ಹಿಗ್ಗುವುದು ಒಂದು ಕಾರಣ ಅಂತ ಕೇಳಿದ್ದೆ. ಆದರೆ ಮೇಷ್ಟ್ರೇ, ಯಾವುದನ್ನೇ ಕಾಯಿಸಿ ಆರಿಸಿದರೂ ರಚನೆ ವಾಪಸ್ ಬರಲೇಬೇಕಲ್ವಾ?

ಫಿಸಿಕ್ಸ್ ಮೇಷ್ಟ್ರು, ವಿಜಯಪುರ:
ಬರಬೇಕು ಅಂತೇನಿಲ್ಲ. ಇದೇ ಸಿಲಿಕಾ 1470 ಡಿಗ್ರಿ ಮೇಲೆ ಕ್ರಿಸ್ಟೋಬಲೈಟ್ ಅನ್ನೋ ಬೇರೆ ರಚನೆಯ ಹರಳು ಆಗಬಹುದು. ಅಲ್ಲಿ ಬಂಧ ಮುರಿದು ಹೊಸದಾಗಿ ಕಟ್ಟಬೇಕು, ನಿಧಾನದ ಕೆಲಸ. ಆರಿಸಿದರೆ ಮತ್ತೆ ಕ್ವಾರ್ಟ್ಜ್ ಆಗದೆ ಹಾಗೇ ಉಳಿದುಬಿಡುತ್ತದೆ.

ಒತ್ತಡದ ಪ್ರಶ್ನೆ ಮರೆತಿದ್ದೆ. ಸಾವಿರ ವಾತಾವರಣದಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸಾವಿರ ಪಟ್ಟು, ಒತ್ತಿದರೆ 573 ಅನ್ನೋದು ಸುಮಾರು 25 ಡಿಗ್ರಿ ಮೇಲೇರುತ್ತದೆ. ನಿಮ್ಮ ಅಚ್ಚಿನಲ್ಲಿ ಅಷ್ಟು ಒತ್ತಡ ಎಲ್ಲಿಂದ ಬರಬೇಕು, ಬಿಡಿ. ಇಪ್ಪತ್ತು ಮೂವತ್ತು ಸಾವಿರ ವಾತಾವರಣದ ಒತ್ತಡದ ಜೊತೆ ಬಿಸಿಯೂ ಇದ್ದರೆ ಕ್ವಾರ್ಟ್ಜ್ ಕೋಯಸೈಟ್ ಅನ್ನೋ ಇನ್ನೂ ಒತ್ತಾದ ಹರಳು ಆಗುತ್ತದೆ, ಒತ್ತಡ ತೆಗೆದರೂ ಹಾಗೇ ಇರುತ್ತದೆ. ಅದಕ್ಕೇ 1960ರಲ್ಲಿ ಅರಿಜೋನಾದ ಉಲ್ಕಾ ಕುಳಿಯಲ್ಲಿ ಅದು ಸಿಕ್ಕಿದ್ದು. ಪೊಟ್ಯಾಸಿಯಂ ಕ್ಲೋರೈಡ್ ಇದಕ್ಕೆ ಉಲ್ಟಾ: ಸುಮಾರು ಇಪ್ಪತ್ತು ಸಾವಿರಕ್ಕೆ ರಚನೆ ಬದಲಿಸುತ್ತದೆ, ಬಿಟ್ಟರೆ ವಾಪಸ್.

ಹಳೇ ಮೋಲ್ಡರ್:
ತಮ್ಮಾ, ಥಿಯರಿ ಚೆನ್ನಾಗಿದೆ, ನಾಳೆ ಬೆಳಿಗ್ಗೆ ಮಾಡೋದು ಹೇಳ್ತೀನಿ. ಎಲ್ಲ ಕಾಳೂ ಒಂದೇ ಸೈಜಿನ ಮರಳು ಬೇಡ, ಒಟ್ಟಿಗೇ ಹಿಗ್ಗುತ್ತವೆ. ದಪ್ಪ ಸಣ್ಣ ಬೆರೆತದ್ದು ತಗೋ. ಸ್ವಲ್ಪ ಕೆಂಪು ಐರನ್ ಆಕ್ಸೈಡ್ ಬೆರೆಸಿ ನೋಡು. ತೀರಾ ತೊಂದರೆ ಕೊಡೋ ಕೋರ್‌ಗೆ ಮಾತ್ರ ಕ್ರೋಮೈಟ್ ಮರಳು ಹಾಕು, ಅದರಲ್ಲಿ ಈ 573ರ ಕಾಟವೇ ಇಲ್ಲ, ಆದರೆ ರೇಟು ಕೇಳಿದರೆ ಮಾಲೀಕರು ಸುಮ್ನೆ ಬಿಡಲ್ಲ. ನಿಂದು ಕೋರ್ ಮಾಡೋ ವಿಧಾನ ಯಾವುದು, ಕೋಲ್ಡ್‌ಬಾಕ್ಸಾ, ಶೆಲ್ಲಾ? ಅದನ್ನೇ ಬರೆದಿಲ್ಲವಲ್ಲ.