ಫ್ಲೆಮಿಂಗೋ ರೆಕ್ಕೆ ಕತ್ತರಿಸಲೇಬೇಕಾ?

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. ಮೊನ್ನೆ ಇಲ್ಲಿನ ಮೃಗಾಲಯದಲ್ಲಿ ಒಂದು ಫ್ಲೆಮಿಂಗೋ ಮೈಮುರಿದು ರೆಕ್ಕೆ ಬಿಚ್ಚಿತು, ಎಡಗಡೆ ತುದಿಯೇ ಇಲ್ಲ! ಮೇಲೆ ಬಲೆ ಹಾಕಿ ಸಾಕಬಾರದಾ?

ಉತ್ತರ 1: ಹಳೇ ಹಕ್ಕಿ ಇರಬೇಕು. ಮುಂಚೆ ಹಾರಿಹೋಗದಂತೆ ಮರಿಯಲ್ಲೇ ರೆಕ್ಕೆ ತುದಿಯ ಕೀಲು ತೆಗೆಯುತ್ತಿದ್ದರು, ಅದು ಮತ್ತೆ ಬೆಳೆಯಲ್ಲ. ಈಗ ಅಲ್ಲಿ ಕಾನೂನು ಬಿಡಲ್ಲ. ಬರೀ ಗರಿ ಕತ್ತರಿಸಿದರೆ ಹೊಸದು ಬರುತ್ತೆ, ಹಾಗಾಗಿ ಪದೇ ಪದೇ ಹಿಡಿಯಬೇಕು, ಆ ಕಡ್ಡಿ ಕಾಲುಗಳಿಗೆ ಪೆಟ್ಟಾಗೋ ಭಯ ಬೇರೆ.

ಉತ್ತರ 2: ಗಂಡು ಹೆಣ್ಣಿನ ಬೆನ್ನೇರಿದಾಗ ರೆಕ್ಕೆ ಬಡಿದೇ ಆಯ ತಪ್ಪದಂತೆ ನಿಲ್ಲೋದು. ಒಂದು ಕಡೆ ಮೊಂಡಾದ್ರೆ ಜಾರುತ್ತೆ, ಎಷ್ಟೋ ಮೊಟ್ಟೆ ಮರಿಯಾಗಲ್ಲ. ನನಗಂತೂ ಬಲೆಯೇ ಸರಿ.

ಉತ್ತರ 3: ಸರಿ, ಆದ್ರೆ ಸುಮ್ನೆ ಚಿಕ್ಕ ಪಂಜರ ಸಾಲಲ್ಲ ಗುರೂ, ಇದು ಓಡಿಕೊಂಡು ಮೇಲೇಳೋ ಹಕ್ಕಿ. ಜಾಲರಿನೂ ಗಟ್ಟಿ ಬೇಕು. 2022ರಲ್ಲಿ ವಾಷಿಂಗ್ಟನ್ ಮೃಗಾಲಯದಲ್ಲಿ ನರಿ ಜಾಲರಿ ಹರಿದು ನುಗ್ಗಿ 25 ಫ್ಲೆಮಿಂಗೋ ಕೊಂದಿತ್ತು.