ಸಹಾಯ ಬೇಕು: ವಿಯೆನ್ನಾದಿಂದ ಡುಬ್ರೋವ್ನಿಕ್‌ವರೆಗೆ ಕಾರಿನಲ್ಲಿ, ನಡುವೆ ಮೊಸ್ಟಾರ್

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ಬಾಡಿಗೆ ಕಾರಿನಲ್ಲಿ ವಿಯೆನ್ನಾದಿಂದ ಹೊರಟು, ಸ್ಲೊವೇನಿಯಾದ ಬ್ಲೆಡ್ ಸರೋವರ, ಕ್ರೊಯೇಷಿಯಾದ ಪ್ಲಿಟ್‌ವಿಟ್ಸೆ ಜಲಪಾತಗಳು ಮತ್ತು ಸ್ಪ್ಲಿಟ್ ನಗರವನ್ನು ನೋಡಿಕೊಂಡು, ಬೋಸ್ನಿಯಾದ ಮೊಸ್ಟಾರ್ ಮೂಲಕ ಡುಬ್ರೋವ್ನಿಕ್ ತಲುಪುವ 14 ದಿನಗಳ ಪ್ರವಾಸವನ್ನು ಯೋಜಿಸುತ್ತಿದ್ದೇವೆ. ಆಸ್ಟ್ರಿಯಾ ಮತ್ತು ಸ್ಲೊವೇನಿಯಾದ ಹೆದ್ದಾರಿಗಳಿಗೆ ಬೇರೆ ಬೇರೆ ವಿನ್ಯೆಟ್ (ರಸ್ತೆ ಶುಲ್ಕ ಕಟ್ಟಿ ಪಡೆಯುವ ಚೀಟಿ) ಬೇಕೆಂಬುದು ತಿಳಿದಿದೆ.

ತೊಡಕಿರುವುದು ಮೊಸ್ಟಾರ್ ವಿಷಯದಲ್ಲಿ. ಕ್ರೊಯೇಷಿಯಾ 2023ರ ಜನವರಿ 1ರಂದು ಒಂದೇ ವೀಸಾದಲ್ಲಿ ಓಡಾಡಬಹುದಾದ ಐರೋಪ್ಯ ದೇಶಗಳ ಷೆಂಗೆನ್ ವಲಯಕ್ಕೆ ಸೇರಿದೆ. ಬೋಸ್ನಿಯಾ ಅದರ ಹೊರಗಿರುವುದರಿಂದ, ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಅಲ್ಲಿಗೆ ಹೋದರೆ ಡುಬ್ರೋವ್ನಿಕ್‌ಗೆ ಮರಳಲಾಗದು. ಬಹುಪ್ರವೇಶ ವೀಸಾಕ್ಕೆ ಅರ್ಜಿ ಹಾಕುತ್ತಿದ್ದೇವೆ. ಆದರೆ ಬಾಡಿಗೆ ಕರಾರಿನ ನಾಲ್ಕನೆಯ ಪುಟದ ಕೊನೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ಐರೋಪ್ಯ ಒಕ್ಕೂಟದ ಹೊರಗೆ ಕಾರು ಒಯ್ಯಲು ಲಿಖಿತ ಅನುಮತಿ ಕಡ್ಡಾಯ ಎಂದಿದೆ.

2022ರಲ್ಲಿ ತೆರೆದ, ಕ್ರೊಯೇಷಿಯಾದ ಪೆಲ್ಯೆಶಾಟ್ಸ್ ಸೇತುವೆಯಿಂದಾಗಿ ಬೋಸ್ನಿಯಾದ ನೆಲ ಮುಟ್ಟದೆಯೇ ಡುಬ್ರೋವ್ನಿಕ್‌ಗೆ ಹೋಗಬಹುದು, ಮೊಸ್ಟಾರ್ ಬಿಟ್ಟುಬಿಡಿ ಎಂದು ಕೆಲವರು ಹೇಳಿದರು. ಆದರೆ 1566ರಲ್ಲಿ ಕಟ್ಟಿ, 1993ರ ಯುದ್ಧದಲ್ಲಿ ನೆರೆಟ್ವಾ ನದಿಗೆ ಕುಸಿದುಬಿದ್ದು, 2004ರಲ್ಲಿ ಮತ್ತೆ ಎದ್ದು ನಿಂತ ಮೊಸ್ಟಾರ್‌ನ ಆ ಕಲ್ಲಿನ ಕಮಾನು ಸೇತುವೆಯನ್ನು ಬಿಡಲು ನನಗಂತೂ ಮನಸ್ಸಿಲ್ಲ.

ಈ ದಾರಿಯಲ್ಲಿ ಬಾಡಿಗೆ ಕಾರು ಓಡಿಸಿದವರು ದಯವಿಟ್ಟು ತಿಳಿಸಿ: ಗಡಿಯಲ್ಲಿ ಅನುಮತಿ ಪತ್ರದ ಜೊತೆ ಹಸಿರು ವಿಮಾ ಕಾರ್ಡನ್ನೂ (ಹೊರದೇಶದಲ್ಲೂ ಕಾರಿಗೆ ವಿಮೆ ಇದೆ ಎನ್ನುವ ಪತ್ರ) ಕೇಳಿದರೇ? ಕಾರನ್ನು ಸ್ಪ್ಲಿಟ್‌ನಲ್ಲೇ ನಿಲ್ಲಿಸಿ ಮೊಸ್ಟಾರ್‌ಗೆ ಬಸ್ಸಿನಲ್ಲಿ ಹೋಗಿಬರುವುದು ಜಾಣತನವೇ? ಸ್ಪ್ಲಿಟ್‌ನಲ್ಲಿರುವ, ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್‌ನ ಅರಮನೆಯ ಗೋಡೆಗಳ ಒಳಗೇ ತಂಗಿದವರಿದ್ದರೆ, ಕಾರು ಎಲ್ಲಿ ನಿಲ್ಲಿಸಿದಿರಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.