ಹೊಳೆ ಸುದ್ದಿ ನೋಡಿ ನೋಡಿ ನಿದ್ದೆ ಹಾರಿಹೋಗಿದೆ, ಏನು ಮಾಡಲಿ?

ಹೊಳೆದಂಡೆ_ಕಲಬುರಗಿ:
ನಾನಿರುವುದು ಕಲಬುರಗಿಯಲ್ಲಿ. ಅವ್ವ ಅಪ್ಪ ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ, ಭೀಮಾ ಹೊಳೆಗೆ ಹತ್ತಿರ. ಮಹಾರಾಷ್ಟ್ರದಲ್ಲಿ ಜೋರು ಮಳೆ, ಅಲ್ಲಿನ ಉಜನಿ ಅಣೆಕಟ್ಟಿನಿಂದ ಭೀಮಾಕ್ಕೆ ನೀರು ಬಿಟ್ಟರು ಅಂತ ಸುದ್ದಿ ಬಂದರೆ ಸಾಕು, ಫೋನ್ ಕೈಯಿಂದ ಇಳಿಯುವುದಿಲ್ಲ. ಮೊನ್ನೆ ರಾತ್ರಿ 2 ಗಂಟೆಗೆ ಗ್ರೂಪ್‌ನಲ್ಲಿ ದೇವಲ ಗಾಣಗಾಪುರದ ಸೇತುವೆ ಮುಳುಗಿದ ವಿಡಿಯೋ ಬಂತು. ಎದೆ ಡವಡವ. ಅಪ್ಪನಿಗೆ ಫೋನ್ ಹಚ್ಚಿದೆ, "ಇಲ್ಲೇನೂ ಆಗಿಲ್ಲ, ಮಲಗು" ಅಂದರು. ಬೆಳಿಗ್ಗೆ ಮತ್ತೆ ನೋಡಿದರೆ ದಂಡೆಯಲ್ಲಿ ನಿಂತವರೆಲ್ಲರ ಮುಖಕ್ಕೂ ಮಾಸ್ಕ್! 2020ರ ಅಕ್ಟೋಬರ್‌ನಲ್ಲಿ ಹೊಳೆ ಬಂದಾಗಿನ ವಿಡಿಯೋ ಅದು.

ಎಲ್ಲರೂ ಫೋನ್ ಬಂದ್ ಮಾಡು ಅನ್ನುತ್ತಾರೆ. ಹೇಗೆ ಮಾಡಲಿ? ಇದು ನಮ್ಮ ಮನೆಯ ಸುದ್ದಿ ಅಲ್ವಾ? ಆ ವರ್ಷ ನಿಜವಾಗಿಯೂ ನೀರು ಬಂದಿತ್ತು, ಅವ್ವ ಜೋಳದ ಚೀಲ ಮಾಳಿಗೆಗೆ ಹೊತ್ತಿದ್ದಳು. ನೋಡದೆ ಕೂತರೆ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತದೆ, ನೋಡಿದರೆ ಊಟ ಸೇರುವುದಿಲ್ಲ.

ಚಿಂಚೋಳಿ_ಅಕ್ಕ:
ತಮ್ಮಾ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ನಮ್ಮ ಗಡಿಕೇಶ್ವರದ ಕಡೆ ಭೂಮಿ ಮತ್ತೆ ಮತ್ತೆ ನಡುಗಿತ್ತು, ಒಂದು ಸಲ 4.1 ತೀವ್ರತೆ. ನಾವು ಅಂಗಳದಲ್ಲಿ ಮಲಗುತ್ತಿದ್ದೆವು, ಕೆಲವರು ಊರೇ ಬಿಟ್ಟರು. ಆಗ ನಾನು ರಾತ್ರಿಯೆಲ್ಲ ಫೋನ್ ತಿಕ್ಕುತ್ತಿದ್ದೆ. ಅದರಿಂದ ನಯಾಪೈಸೆ ಉಪಯೋಗ ಆಗಲಿಲ್ಲ, ಯಾಕೆಂದರೆ ಭೂಕಂಪ ಇಷ್ಟು ಗಂಟೆಗೆ ಬರುತ್ತದೆ ಅಂತ ಯಾರಿಂದಲೂ ಹೇಳಲು ಆಗುವುದಿಲ್ಲ.

ಹೊಳೆ ಹಾಗಲ್ಲ. ಉಜನಿಯಲ್ಲಿ ಬಿಟ್ಟ ನೀರು ನಿಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜ್‌ಗೆ ಬರಲು ಹೊತ್ತು ಹಿಡಿಯುತ್ತದೆ. ಅದು ನಿಮಿಷ ನಿಮಿಷಕ್ಕೆ ನೋಡುವ ಸುದ್ದಿ ಅಲ್ಲ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅಂತ ಜಿಲ್ಲಾಡಳಿತ ಹೇಳಿದ್ದನ್ನು ನೋಡು. ಊರಲ್ಲಿ ಹೊಳೆಗೆ ಹೋಗಿ ಕಣ್ಣಾರೆ ನೋಡುವ ಒಬ್ಬನನ್ನು ಗೊತ್ತುಮಾಡಿಕೋ. ನೀರು ಏರಿದರೆ ಎಷ್ಟು ಹೊತ್ತಾದರೂ ಅವನೇ ಫೋನ್ ಮಾಡಲಿ, ಅವನ ನಂಬರಿಗೆ ಮಾತ್ರ ಜೋರು ರಿಂಗ್‌ಟೋನ್ ಇಡು, ಉಳಿದ ಗ್ರೂಪ್‌ಗಳನ್ನೆಲ್ಲ ಮ್ಯೂಟ್ ಮಾಡು. ಆಧಾರ್, ಪಾಸ್‌ಬುಕ್, ಹೊಲದ ಪಹಣಿ, ಅಪ್ಪನ ಮಾತ್ರೆ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿಸು. ಹಾಗೆ ಕಟ್ಟಿಟ್ಟ ಮೇಲೆ ನನ್ನ ಎದೆಬಡಿತ ಇಳಿದಿತ್ತು. ಸುಮ್ನೆ ಹೇಳುತ್ತಿಲ್ಲ.

ಬೀದರ್_ಕೋಟೆ:
ಅಕ್ಕ ಹೇಳಿದ್ದು ಸರಿ. ನನ್ನದು ಒಂದೇ ಮಾತು, ಆ ವಿಡಿಯೋ ನೀವು ಯಾರಿಗೂ ಕಳಿಸಿಲ್ಲ ತಾನೇ? ಕಳಿಸಿದ್ದರೆ ಹಳೆಯದು ಅಂತ ಅದೇ ಗ್ರೂಪ್‌ನಲ್ಲಿ ಬರೆಯಿರಿ. 2018ರ ಜುಲೈನಲ್ಲಿ ನಮ್ಮ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿದ ಸುಳ್ಳನ್ನು ನಂಬಿ, ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಜನ ಹೊಡೆದು ಕೊಂದರು. ಆ ಊರಿನ ಹೆಸರು ಕೇಳಿದರೆ ಈಗಲೂ ತಲೆ ತಗ್ಗುತ್ತದೆ. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ ಅಂತ ಅರ್ಥ. ನಾನು ಅಂಥದ್ದನ್ನು ರಾತ್ರಿ ತೆರೆಯುವುದೇ ಇಲ್ಲ.

ಯಾದಗಿರಿ_ಸಿಸ್ಟರ್:
ನಾನು ನರ್ಸ್. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ ಅಂತ ಬರೆದಿದ್ದೀರಿ, ಅದನ್ನು ಹಗುರ ಮಾಡಬೇಡಿ ಅಣ್ಣಾ. ಹೀಗೇ ಎರಡು ವಾರ ನಡೆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ, ಹಾಗೇನಿಲ್ಲ. ಇನ್ನೊಂದು, ಫೋನನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕಿ. ರಿಂಗ್ ಕೇಳಬೇಕು, ಕೈಗೆ ಎಟುಕಬಾರದು.

ಹೊಳೆದಂಡೆ_ಕಲಬುರಗಿ:
ಎಲ್ಲರಿಗೂ ಶರಣು. ವಿಡಿಯೋ ಇಬ್ಬರಿಗೆ ಕಳಿಸಿದ್ದೆ, ಈಗ ಹಳೆಯದು ಅಂತ ಬರೆದೆ. ಹೊಳೆ ನೋಡಲು ನಮ್ಮ ಕಾಕಾನ ಮಗ ಒಪ್ಪಿದ್ದಾನೆ, ದಿನಾ ಎಮ್ಮೆ ಮೈ ತೊಳೆಯಲು ಅಲ್ಲಿಗೇ ಹೋಗುತ್ತಾನೆ. ಸಂಜೆ ಅವ್ವನಿಗೆ ಫೋನ್ ಹಚ್ಚಿದಾಗ ತೊಗರಿ ಹಸನು ಮಾಡುತ್ತಿದ್ದಳು, ಮೊರದ ಸಪ್ಪಳ ಕೇಳಿಸುತ್ತಿತ್ತು. ಬಹಳ ಹೊತ್ತು ಮಾತಾಡಿದೆ. ಕಾಗದಗಳನ್ನು ನಾಳೆ ಕಟ್ಟಿಡುತ್ತಾಳಂತೆ.